ಸ್ತಬ್ಧಬಿಂಬದಲ್ಲಿ ಜನಪದ ಕಥನ: ‘ದುವಿಧಾ’ ಚಿತ್ರದ ಪ್ರಯೋಗಶೀಲತೆ

ಪ್ರಾಯೋಗಿಕ ಚಲನಚಿತ್ರವೆಂದರೆ ಕಥೆಯನ್ನು ಬದಿಗೊತ್ತಿ ತಂತ್ರವನ್ನು ಮೆರೆಸುವ ಕಲೆ ಎಂಬ ಗ್ರಹಿಕೆ ನಮ್ಮಲ್ಲಿ ಬೇರೂರಿದೆ. ಜಾನಪದ ವಿದ್ವಾಂಸರೂ ಇಂತಹ ಚಿತ್ರಗಳನ್ನು ಮೂಲಕಥೆಗೆ ತೋರಿದ ನಿಷ್ಠೆಯೊಂದರಿಂದಲೇ ಅಳೆಯುವುದುಂಟು. ಮಣಿ ಕೌಲ್ ಅವರು 1973ರಲ್ಲಿ ನಿರ್ದೇಶಿಸಿದ ಹಿಂದಿ ಚಿತ್ರ ‘ದುವಿಧಾ’ ಈ ಎರಡೂ ನಿಲುವುಗಳನ್ನು ಪ್ರಶ್ನಿಸುತ್ತದೆ.

ವಿಜಯದಾನ್ ದೇಥಾ ಅವರು ರಾಜಸ್ಥಾನಿಯಲ್ಲಿ ಮರುನಿರೂಪಿಸಿದ ಜನಪದ ಕಥೆಯೇ ಚಿತ್ರದ ಆಕರ. ದೇಥಾ ಮತ್ತು ಕೋಮಲ್ ಕೊಠಾರಿ 1960ರಲ್ಲಿ ರೂಪಾಯನ್ ಸಂಸ್ಥಾನವನ್ನು ಕಟ್ಟಿದ ಬೋರುಂದಾ ಗ್ರಾಮದಲ್ಲಿಯೇ ಇದರ ಚಿತ್ರೀಕರಣ ನಡೆಯಿತು. ವರ್ತಕನ ಮಗನು ಮದುವೆಯಾದೊಡನೆ ವ್ಯಾಪಾರಕ್ಕಾಗಿ ದೂರ ಹೋಗುತ್ತಾನೆ. ವಧುವಿಗೆ ಮನಸೋತ ಭೂತವೊಂದು ಅವನ ರೂಪದಲ್ಲಿ ಮನೆಯನ್ನು ಪ್ರವೇಶಿಸುತ್ತದೆ. ಆದರೆ ಅವಳೆದುರು ನಿಜವನ್ನು ನುಡಿಯುತ್ತದೆ. ಆಯ್ಕೆ ಅವಳದಾಗುತ್ತದೆ.

ಕೌಲ್ ಈ ಕಥೆಯನ್ನು ನಾಟಕೀಯ ಅಭಿನಯಕ್ಕೆ ಒಪ್ಪಿಸುವುದಿಲ್ಲ. ಬಿಂಬಗಳು ಅಲ್ಲಲ್ಲಿ ಸ್ತಬ್ಧವಾಗುತ್ತವೆ. ನಿರೂಪಕ ಧ್ವನಿ ದೃಶ್ಯದಿಂದ ಬೇರ್ಪಟ್ಟು ಸಾಗುತ್ತದೆ. ಗಂಡ ಮತ್ತು ಭೂತ ಇಬ್ಬರೂ ಒಬ್ಬನೇ ನಟ, ರವಿ ಮೆನನ್. ಇದು ಕಥನದ ನಿರಾಕರಣೆಯಲ್ಲ. ಹಳ್ಳಿಯ ಕಥೆಗಾರ್ತಿಯೂ ಪಾತ್ರವೇ ತಾನಾಗುವುದಿಲ್ಲ. ಪಾತ್ರವನ್ನು ಕುರಿತು ಹೇಳುತ್ತಾಳೆ, ನಿಲ್ಲಿಸುತ್ತಾಳೆ, ಕೇಳುಗರು ಕಲ್ಪಿಸಿಕೊಳ್ಳಲು ತೆರಪು ನೀಡುತ್ತಾಳೆ. ಸ್ತಬ್ಧಬಿಂಬವು ಆ ತೆರಪಿನ ದೃಶ್ಯರೂಪ. ಹೀಗಾಗಿ ಪ್ರಯೋಗವು ಇಲ್ಲಿ ಮೌಖಿಕ ಪರಂಪರೆಗೆ ಸಮೀಪವಾಗಿದೆ.

ಗಂಡನ ರೂಪ ತಾಳುವ ಅನ್ಯನ ಆಶಯ ಕನ್ನಡಕ್ಕೂ ಪರಿಚಿತ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಕಥೆಗಳನ್ನು ಆಧರಿಸಿದ ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ನಾಟಕವನ್ನು ಟಿ. ಎಸ್. ನಾಗಾಭರಣ 1997ರಲ್ಲಿ ಚಲನಚಿತ್ರವಾಗಿಸಿದರು. ಅಲ್ಲಿ ನಾಗನು ತನ್ನ ನಿಜವನ್ನು ರಾಣಿಗೆ ತಿಳಿಸುವುದಿಲ್ಲ. ಅವಳ ನಿರ್ದೋಷತೆ ಅವಳ ಅರಿವಿಲ್ಲದಿರುವಿಕೆಯನ್ನೇ ಅವಲಂಬಿಸಿದೆ. ‘ದುವಿಧಾ’ದ ವಧುವಿಗೆ ಅಂತಹ ಆಶ್ರಯವಿಲ್ಲ, ಅರಿತೇ ಒಪ್ಪಿದವಳು ಅವಳು.

ಆದ್ದರಿಂದಲೇ ಚಿತ್ರದ ಅಂತ್ಯ ಕಠೋರವಾಗಿದೆ. ಕುರುಬನೊಬ್ಬ ಯುಕ್ತಿಯಿಂದ ಭೂತವನ್ನು ಚರ್ಮದ ಚೀಲದಲ್ಲಿ ಬಂಧಿಸುತ್ತಾನೆ. ನಿಜವಾದ ಗಂಡ ಯಾರೆಂಬ ಗಂಡಸರ ಸಮಸ್ಯೆ ಬಗೆಹರಿಯುತ್ತದೆ. ಅವಳ ಅಭಿಮತವನ್ನು ಯಾರೂ ಕೇಳುವುದಿಲ್ಲ. ಇದೇ ಕಥೆಯನ್ನು ಆಧರಿಸಿದ ಅಮೋಲ್ ಪಾಲೇಕರ್ ಅವರ ‘ಪಹೇಲಿ’ (2005) ಭೂತವನ್ನು ಗಂಡನ ದೇಹದೊಳಗೆ ಸೇರಿಸಿ ಪ್ರೇಕ್ಷಕರನ್ನು ಸಮಾಧಾನಪಡಿಸುತ್ತದೆ. ಕೌಲ್ ಸಮಾಧಾನವನ್ನು ನಿರಾಕರಿಸುತ್ತಾರೆ.

ಆದರೂ ಒಂದು ಕೊರತೆಯನ್ನು ಗುರುತಿಸಲೇಬೇಕು. ಕಥೆ ಹೇಳುವಲ್ಲಿ ಕೇಳುಗರು ‘ಹೂಂ’ಗುಟ್ಟಬೇಕು, ಆ ಸದ್ದು ನಿಂತರೆ ಕಥೆಯೂ ನಿಲ್ಲುತ್ತದೆ. ಚಲನಚಿತ್ರವು ಪ್ರೇಕ್ಷಕರ ಪ್ರತಿಕ್ರಿಯೆಗೆ ಕಾಯಲಾರದು. ಸ್ತಬ್ಧಬಿಂಬ ತೆರಪನ್ನು ಒದಗಿಸಬಲ್ಲದೇ ಹೊರತು ಉತ್ತರವನ್ನು ಆಲಿಸಲಾರದು. ಈ ಮಿತಿಯನ್ನು ಒಪ್ಪಿಕೊಂಡಾಗಲೂ, ಜನಪದ ಕಥೆಯ ಘಟನೆಗಳಿಗಿಂತ ಅದರ ಹೇಳುವ ಕ್ರಮವನ್ನು ದೃಶ್ಯಕ್ಕೆ ತಂದ ‘ದುವಿಧಾ’ ಜಾನಪದ ಅಧ್ಯಯನದ ಆಕರವಾಗಲು ಅರ್ಹವಾದ ಕೃತಿಯೆಂಬುದು ನಿರ್ವಿವಾದ.