ಒಂದು ರೂಪಾಯಿ ಟಿಕೆಟ್ಟಿನ ಲೆಕ್ಕ

ಉದ್ಯಮಿಗಳ ಬಗ್ಗೆ ಕನ್ನಡದಲ್ಲಿ ಬರೋ ಬರಹಗಳಲ್ಲಿ ಎರಡೇ ಜಾತಿ. ಒಂದು ಸಾಧಕರ ಕಥೆ, ಇನ್ನೊಂದು ಹಗರಣದ ಕಥೆ. ಮೊದಲನೆಯದರ ತುಂಬಾ ಛಲ, ಎರಡನೆಯದರ ತುಂಬಾ ದುರಾಸೆ. ಕಂಪನಿ ಯಾವ ಲೆಕ್ಕ ಹಾಕಿ ಯಾವ ದಾರಿ ಹಿಡೀತು, ಹಿಡಿದ ದಾರೀಲೇ ನಡೀತಾ ಅನ್ನೋ ಪ್ರಶ್ನೆಗೆ ಎರಡರಲ್ಲೂ ಉತ್ತರ ಸಿಗೋದು ಅಪರೂಪ.

ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆ ‘ಬಾನಯಾನ’ ಓದಿದಾಗ ಈ ಕೊರತೆ ನನ್ನನ್ನು ಕಾಡಿತು. ವಿಶ್ವೇಶ್ವರ ಭಟ್ಟರ ಕನ್ನಡ ಸರಾಗವಾಗಿದೆ, ಕೈಗೆತ್ತಿಕೊಂಡರೆ ಕೆಳಗಿಡಲಾಗದ ಪುಸ್ತಕ. ಗೊರೂರಿನ ಮೇಷ್ಟ್ರ ಮಗ ಸೈನ್ಯಕ್ಕೆ ಹೋಗಿ, ವಾಪಸ್ ಬಂದು ಹಾಸನ ಜಿಲ್ಲೆಯಲ್ಲಿ ಬೇಸಾಯ ಮಾಡಿ, ಹೆಲಿಕಾಪ್ಟರ್ ಕಂಪನಿ ಕಟ್ಟಿ, ಕೊನೆಗೆ ಏರ್ ಡೆಕ್ಕನ್ ಶುರು ಮಾಡಿದ್ದು ನಿಜಕ್ಕೂ ದೊಡ್ಡ ಕಥೆಯೇ. ಇದೇ ಪುಸ್ತಕದಿಂದ ಸ್ಫೂರ್ತಿ ಪಡೆದ ತಮಿಳು ಸಿನಿಮಾ ‘ಸೂರರೈ ಪೋಟ್ರು’ 2020ರಲ್ಲಿ ಬಂತು. ಸಿನಿಮಾ ಗೆಲುವಿನಲ್ಲಿ ಮುಗಿಯುತ್ತೆ, ಕಂಪನಿ ಕೈಬಿಟ್ಟು ಹೋದದ್ದನ್ನ ತೋರಿಸೋದೇ ಇಲ್ಲ. ಪುಸ್ತಕ ಅಷ್ಟು ಅಪ್ರಾಮಾಣಿಕ ಅಲ್ಲ, ಮಾರಾಟದ ಸಂಗತಿಯನ್ನ ಮುಚ್ಚಿಡಲ್ಲ. ಆದರೆ ಅಲ್ಲೂ ಕನಸಿಗೆ ಸಿಕ್ಕಷ್ಟು ಜಾಗ ಲೆಕ್ಕಕ್ಕೆ ಸಿಕ್ಕಿಲ್ಲ ಅನ್ನೋದೇ ನನ್ನ ತಕರಾರು.

ಆ ಲೆಕ್ಕವನ್ನ ನಾವೇ ಸ್ವಲ್ಪ ಹಾಕಿ ನೋಡೋಣ. 2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ಹಾರಾಟ ಶುರುವಾಯ್ತು. ಊಟ ಇಲ್ಲ, ಬಿಸಿನೆಸ್ ಕ್ಲಾಸ್ ಇಲ್ಲ. ಏಜೆಂಟರಿಗೆ ಕಮಿಷನ್ ಕೊಡೋ ಬದಲು ಇಂಟರ್ನೆಟ್ಟಲ್ಲಿ, ಫೋನಲ್ಲಿ, ಪೆಟ್ರೋಲ್ ಬಂಕಲ್ಲೂ ಟಿಕೆಟ್ ಮಾರಾಟ. ಬ್ರಾಂಡಿನ ಮುಖ ಆರ್.ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’. ಒಂದು ರೂಪಾಯಿ ಟಿಕೆಟ್ಟನ್ನ ಹುಚ್ಚು ಅಂದವರು ಬಹಳ ಜನ, ಆದರೆ ಅದು ಹುಚ್ಚಲ್ಲ. ವಿಮಾನ ಮೇಲೇರಿದ ಮೇಲೆ ಖಾಲಿ ಸೀಟಿಗೆ ಬೆಲೆ ಸೊನ್ನೆ. ಕೆಲವೇ ಸೀಟುಗಳನ್ನ ಆ ದರಕ್ಕೆ ಕೊಟ್ಟರೆ ಜಾಹೀರಾತಿನ ಖರ್ಚು ಉಳಿಯುತ್ತೆ, ಉಳಿದ ಸೀಟುಗಳ ದರ ಬೇಡಿಕೆ ನೋಡ್ಕೊಂಡು ಏರುತ್ತೆ. ಇಲ್ಲೀವರೆಗೆ ತಂತ್ರ ಸರಿಯಾಗೇ ಇದೆ.

ಎಡವಿದ್ದು ಜಾರಿಯಲ್ಲಿ. ಅಗ್ಗದ ಟಿಕೆಟ್ ಕೊಡೋ ವಿಮಾನ ಕಂಪನಿ ಬದುಕೋದು ಅಗ್ಗದ ಖರ್ಚಿನಿಂದ. ವಿಮಾನ ನೆಲದ ಮೇಲೆ ನಿಂತಿದ್ರೂ ಬಾಡಿಗೆ ಕಟ್ಟಬೇಕು. ಹಾಗಾಗಿ ಅದು ದಿನಕ್ಕೆ ಎಷ್ಟು ಗಂಟೆ ಹಾರುತ್ತೆ, ಇಳಿದ ಮೇಲೆ ಎಷ್ಟು ನಿಮಿಷದಲ್ಲಿ ಮತ್ತೆ ಏರುತ್ತೆ ಅನ್ನೋದೇ ಪ್ರಾಣ. ಡೆಕ್ಕನ್ ಹತ್ತಿರ ಸಣ್ಣ ಊರುಗಳಿಗೆ ಎಟಿಆರ್, ದೊಡ್ಡ ಊರುಗಳಿಗೆ ಏರ್‌ಬಸ್ ಎ320, ಹೀಗೆ ಎರಡು ಥರದ ವಿಮಾನ. ಅಂದ್ರೆ ಪೈಲಟ್ಟುಗಳ ತಂಡ ಎರಡು, ತರಬೇತಿ ಎರಡು, ಬಿಡಿಭಾಗಗಳ ದಾಸ್ತಾನೂ ಎರಡು. ಜೊತೆಗೆ ಇಂಧನದ ಮೇಲೆ ರಾಜ್ಯಗಳ ಭಾರೀ ತೆರಿಗೆ. ಊರುಗಳ ಪಟ್ಟಿ ಬೆಳೆದ ವೇಗಕ್ಕೆ ಕೆಲಸದ ವ್ಯವಸ್ಥೆ ಬೆಳೀಲಿಲ್ಲ. ವಿಮಾನ ತಡ, ವಿಮಾನ ರದ್ದು ಅನ್ನೋ ದೂರು ಮಾಮೂಲಾಯ್ತು.

2006ರ ಆಗಸ್ಟ್‌ನಲ್ಲಿ ಇಂಡಿಗೋ ಬಂತು. ಅವರದೂ ಅಗ್ಗದ ಟಿಕೆಟ್ಟೇ. ಹಾರೋಕೆ ಮುಂಚೆಯೇ, 2005ರಲ್ಲಿ, ನೂರು ವಿಮಾನಗಳಿಗೆ ಒಂದೇ ಸಲ ಆರ್ಡರ್ ಕೊಟ್ಟಿದ್ರು, ಎಲ್ಲವೂ ಎ320 ಕುಟುಂಬದವು. ಎಟಿಆರ್ ಕಡೆ ಕಣ್ಣು ಹಾಯಿಸಿದ್ದು 2017ರಲ್ಲಿ, ಬೇರು ಗಟ್ಟಿಯಾದ ಮೇಲೆ. ಹೊಸ ಮಾರುಕಟ್ಟೆ ಸೃಷ್ಟಿಸಿದ್ದು ಡೆಕ್ಕನ್, ಅದರ ಫಲ ಉಂಡಿದ್ದು ಇಂಡಿಗೋ. ಮೊದಲು ಬಂದವನೇ ಗೆಲ್ತಾನೆ ಅನ್ನೋ ಮಾತು ಭಾಷಣಕ್ಕೆ ಚೆಂದ, ಅಷ್ಟೆ.

ಇನ್ನು ಕಿಂಗ್‌ಫಿಶರ್. ಆ ಕಥೆ ಹೇಳುವಾಗ ನಾವು ಕ್ಯಾಲೆಂಡರ್, ಪಾರ್ಟಿ, ಲಂಡನ್ನಿಗೆ ಹೋದದ್ದು ಇಷ್ಟರಲ್ಲೇ ಮುಗಿಸಿಬಿಡ್ತೀವಿ. ವ್ಯವಹಾರದ ಪಾಠ ಇರೋದು ಬೇರೆ ಕಡೆ. ವಿದೇಶಕ್ಕೆ ಹಾರಬೇಕಾದ್ರೆ ದೇಶದೊಳಗೆ ಐದು ವರ್ಷ ಹಾರಿರಬೇಕು ಅನ್ನೋ ನಿಯಮ ಆಗ ಇತ್ತು. 2005ರಲ್ಲಿ ಹುಟ್ಟಿದ ಕಿಂಗ್‌ಫಿಶರ್ ಅದಕ್ಕೆ 2010ರವರೆಗೆ ಕಾಯಬೇಕಿತ್ತು. ಡೆಕ್ಕನ್ನಿಗೆ 2008ಕ್ಕೇ ಐದು ತುಂಬುತ್ತೆ. 2007ರಲ್ಲಿ ಸುಮಾರು 550 ಕೋಟಿ ಕೊಟ್ಟು ಡೆಕ್ಕನ್ನಿನ 26 ಪರ್ಸೆಂಟ್ ಷೇರು ಕೊಂಡರು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಂದ ಲಂಡನ್ನಿಗೆ ವಿಮಾನ ಹಾರಿತು. ಅದೇ ಜುಲೈನಲ್ಲಿ ಕಚ್ಚಾತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತ್ತು.

ಎರಡು ವರ್ಷ ಉಳಿಸೋಕೆ ಹೋಗಿ ಅವರು ಮೈಮೇಲೆ ಎಳ್ಕೊಂಡಿದ್ದು ತಮ್ಮ ಗುಣಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ಕಂಪನಿಯನ್ನ. ಡೆಕ್ಕನ್ ‘ಕಿಂಗ್‌ಫಿಶರ್ ರೆಡ್’ ಆಯ್ತು. ಒಂದೇ ಹೆಸರಿನಲ್ಲಿ ದುಬಾರಿ ಸೀಟೂ ಉಂಟು, ಅಗ್ಗದ ಸೀಟೂ ಉಂಟು ಅಂದ್ರೆ ಗಿರಾಕಿ ಏನು ಮಾಡ್ತಾನೆ? ಅಗ್ಗದ್ದೇ ಸಾಕು ಅಂತಾನೆ. ಖರ್ಚು ಮಾತ್ರ ದುಬಾರಿ ಕಡೆಗೇ ಎಳೀತಿರುತ್ತೆ.

ಇದು ಯಾರಿಗೂ ಗೊತ್ತಿರದ ಅಪಾಯವೇನೂ ಅಲ್ಲ. ಹಾರ್ವರ್ಡಿನ ಮೈಕಲ್ ಪೋರ್ಟರ್ 1996ರಲ್ಲಿ ತಂತ್ರ ಅಂದ್ರೇನು ಅಂತ ಒಂದು ಪ್ರಸಿದ್ಧ ಲೇಖನ ಬರೆದರು. ತಂತ್ರ ಅಂದ್ರೆ ಏನನ್ನ ಮಾಡಲ್ಲ ಅಂತ ತೀರ್ಮಾನಿಸೋದು ಅನ್ನೋದು ಅವರ ವಾದದ ತಿರುಳು. ಅದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು, ಅಮೆರಿಕದ ಕಾಂಟಿನೆಂಟಲ್ ಏರ್‌ಲೈನ್ಸ್. ಅದು ತನ್ನ ಪೂರ್ಣ ಸೇವೆಯನ್ನೂ ಉಳಿಸ್ಕೊಂಡು ‘ಕಾಂಟಿನೆಂಟಲ್ ಲೈಟ್’ ಅನ್ನೋ ಅಗ್ಗದ ಸೇವೆಯನ್ನೂ ನಡೆಸೋಕೆ ಹೋಗಿ ಎರಡರಲ್ಲೂ ಪೆಟ್ಟು ತಿಂದಿತ್ತು. ವಿಠ್ಠಲ್ ಮಲ್ಯ ರಸ್ತೆಯಲ್ಲಿ ಕೂತವರಿಗೆ ಈ ಲೇಖನ ಸಿಗ್ತಿರಲಿಲ್ಲವೇ? ಸಿಕ್ಕೇ ಸಿಗ್ತಿತ್ತು. ಆದರೆ ಬೇಡ ಅನ್ನೋದು ಸಭೆಯಲ್ಲಿ ಅತಿ ಕಷ್ಟದ ಮಾತು, ಯಜಮಾನ ಬೇಕು ಅಂದ ಮೇಲಂತೂ ಇನ್ನೂ ಕಷ್ಟ.

2011ರಲ್ಲಿ ರೆಡ್ ನಿಲ್ಲಿಸ್ತೀವಿ ಅಂದ್ರು. 2012ರ ಅಕ್ಟೋಬರ್‌ನಲ್ಲಿ ಇಡೀ ಕಂಪನಿಯೇ ನಿಂತಿತು. ತಿಂಗಳುಗಟ್ಟಲೆ ಸಂಬಳ ಕಾಣದ ಎಂಜಿನಿಯರುಗಳು, ಪೈಲಟ್ಟುಗಳು, ನೆಲದ ಸಿಬ್ಬಂದಿ ಬೀದಿಗೆ ಬಿದ್ದರು. ಸಾಲ ಕೊಟ್ಟಿದ್ದು ಬಹುಪಾಲು ಸರ್ಕಾರಿ ಬ್ಯಾಂಕುಗಳು, ಅಂದ್ರೆ ನಮ್ಮ ನಿಮ್ಮ ಠೇವಣಿಯ ದುಡ್ಡು. ತಂತ್ರ ಅನ್ನೋದು ಎಂಬಿಎ ಓದಿದವರ ಪವರ್‌ಪಾಯಿಂಟ್ ವಿಷಯ, ನಮಗ್ಯಾಕೆ ಅಂತ ಕೂರೋಕಾಗಲ್ಲ ಅನ್ನೋದಕ್ಕೆ ಇದೇ ಕಾರಣ.

‘ಬಾನಯಾನ’ ಓದಬೇಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಓದಿ, ಹಳ್ಳಿಯ ಹುಡುಗರ ಕೈಗೂ ಕೊಡಿ. ಆದರೆ ಓದುವಾಗ ಪಕ್ಕದಲ್ಲೊಂದು ಹಾಳೆ ಇಟ್ಕೊಂಡು ಖರ್ಚು ಎಲ್ಲಿಂದ ಬಂತು, ಯಾವುದಕ್ಕೆ ಬೇಡ ಅನ್ನಬೇಕಿತ್ತು, ಯಾರು ಅನ್ನಲಿಲ್ಲ ಅಂತ ಬರೀತಾ ಹೋಗಿ. ಬೆಂಗಳೂರಿನ ಎರಡು ವಿಮಾನ ಕಂಪನಿಗಳು ಹತ್ತು ವರ್ಷದೊಳಗೆ ಹುಟ್ಟಿ ಮುಳುಗಿದ ಈ ಲೆಕ್ಕವನ್ನ ಯಾರಾದ್ರೂ ಕನ್ನಡದಲ್ಲಿ ಅಂಕಿ ಅಂಶ ಇಟ್ಟು ಬರೆದರೆ, ಮೊದಲ ಪ್ರತಿ ನಾನೇ ಕೊಳ್ತೀನಿ.