ಮಂಜಿಗೆ ಅಂಟಿದ ಕಲೆ

ಮುಳ್ಳಯ್ಯನಗಿರಿಯ ಮೇಲೆ ತೆಗೆದ 360 ಡಿಗ್ರಿಯ ಚಿತ್ರವೊಂದು ನನ್ನ ಬಳಿ ಇದೆ. ಅದರ ತುಂಬ ಮಂಜು. ನ್ಯೂಯಾರ್ಕ್ ರಾಜ್ಯದ ಬೆಲ್‌ರೋಸ್‌ನ ನಮ್ಮ ಮನೆಯ ಬೇಸ್‌ಮೆಂಟಿಗೆ ಯಾವ ವಿಆರ್ ಹೆಡ್‌ಸೆಟ್ ಬಂದರೂ ಮೊದಲು ಹಾಕಿ ನೋಡುವುದು ಅದನ್ನೇ. ಬಣ್ಣಬಣ್ಣದ ಆಟಗಳಲ್ಲಿ ಪರದೆಯ ದೋಷ ಅಡಗಿ ಕೂರುತ್ತದೆ, ತೆಳುಬೂದು ಬಣ್ಣದಲ್ಲಿ ಬಯಲಾಗುತ್ತದೆ. ತಲೆ ತಿರುಗಿಸಿ ನೋಡಿ. ಬೆಟ್ಟ ತನ್ನ ಜಾಗದಲ್ಲೇ ನಿಂತು, ಕೊಳಕು ಛಾಯೆಯೊಂದು ಮಾತ್ರ ನಿಮ್ಮ ನೋಟದ ಜೊತೆಗೇ ಬಂದರೆ, ಅದು ಪರದೆಯದು.

ಬಲ್ಲವರು ಇದನ್ನು ‘ಮುರಾ’ ಅನ್ನುತ್ತಾರೆ. ಜಪಾನೀ ಮಾತು, ಏರುಪೇರು ಎಂದರ್ಥ. ಒಎಲ್‌ಇಡಿ ಪರದೆಯಲ್ಲಿ ಪ್ರತಿ ಪಿಕ್ಸೆಲ್ಲಿಗೂ ಅದರದೇ ಟ್ರಾನ್ಸಿಸ್ಟರುಗಳು. ಅವು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ಒಂದೇ ಬೂದು ಕೇಳಿದರೂ ಒಂದು ಪಿಕ್ಸೆಲ್ ತುಸು ಹೆಚ್ಚು ಬೆಳಗುತ್ತದೆ, ಪಕ್ಕದ್ದು ತುಸು ಕಡಿಮೆ. ದೂರ ಕೂತು ಟಿವಿ ನೋಡುವವರಿಗೆ ಇದು ತಿಳಿಯದು. ಹೆಡ್‌ಸೆಟ್‌ನಲ್ಲಿ ಹಾಗಲ್ಲ. 2016ರ ಆಕ್ಯುಲಸ್ ರಿಫ್ಟ್‌ನಲ್ಲಿ ಒಂದೊಂದು ಕಣ್ಣಿಗೆ 1080×1200 ಪಿಕ್ಸೆಲ್ ಇತ್ತು. ಅಷ್ಟನ್ನು ಮಸೂರ ಕಣ್ತುಂಬ ಹಿಗ್ಗಿಸುವಾಗ ಏರುಪೇರೂ ಹಿಗ್ಗುತ್ತದೆ.

ಇದನ್ನು ಅಳೆಯಬೇಕೆಂದರೆ ಕಣ್ಣಪಾಪೆ ಇರುವ ಜಾಗದಲ್ಲೇ ಕ್ಯಾಮೆರಾ ಇಡಬೇಕು. ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆ ಮಟ್ಟಗಳಲ್ಲಿ ಬೆಳಗಿಸಿ ಪಟ್ಟಿ ಮಾಡಬೇಕು. ಕ್ಯಾಮೆರಾ ಸ್ವಲ್ಪ ಸರಿದರೂ ಮಸೂರದಂಚಿನ ಬಣ್ಣ ಬದಲಾಗುತ್ತದೆ. ಆದ್ದರಿಂದ ಪರದೆಯನ್ನು ದೂರುವ ಮುನ್ನ ಮಸೂರಗಳ ಅಂತರವನ್ನು ನಿಮ್ಮ ಕಣ್ಣುಗಳಿಗೆ ಹೊಂದಿಸಿಕೊಳ್ಳಿ.

ಆ ಪಟ್ಟಿ ಹಿಡಿದು ಪ್ರತಿ ಪಿಕ್ಸೆಲ್ಲಿನ ಬೆಳಕನ್ನು ತಿದ್ದಬಹುದು, ಆದರೆ ತಿದ್ದುಪಡಿ ಪುಕ್ಕಟೆಯಲ್ಲ. ಪೂರ್ತಿ ಬೆಳಗಿಯೂ ಮಂಕಾಗಿಯೇ ಉಳಿದ ಪಿಕ್ಸೆಲ್ಲನ್ನು ಇನ್ನು ಏರಿಸಲಾಗದು, ಉಳಿದವನ್ನೇ ಅದರ ಮಟ್ಟಕ್ಕೆ ಇಳಿಸಬೇಕು. ಅಷ್ಟು ಬೆಳಕು ಹೋಗುತ್ತದೆ. ಹೋಗಲಿ, ನನಗೆ ಹೊಳಪಿಗಿಂತ ಸಮತೆ ದೊಡ್ಡದು. ಎಷ್ಟು ಸಮವಾದರೆ ಸಾಕು ಅನ್ನುವುದಕ್ಕೂ ಒಂದೇ ಅಳತೆಗೋಲಿಲ್ಲ. ನಮ್ಮದೇ ರಾಜ್ಯದ ರಾಚೆಸ್ಟರ್‌ನಲ್ಲಿ, ಕೊಡಾಕ್ ಕಂಪನಿಯ ಡೇವಿಡ್ ಮ್ಯಾಕ್‌ಆಡಮ್ 1942ರಲ್ಲೇ ಇದನ್ನು ತೋರಿಸಿದ್ದರು: ಬಣ್ಣಗಳನ್ನು ಗುರುತಿಸಲು 1931ರಲ್ಲಿ ಗೊತ್ತುಮಾಡಿದ ನಕ್ಷೆಯಲ್ಲಿ ಹಸಿರಿನ ಕಡೆ ದೂರ ಸರಿದರೂ ಕಣ್ಣು ಗುರುತಿಸದು, ನೀಲಿಯ ಕಡೆ ಚೂರು ಸರಿದರೆ ಸಾಕು.

ಎಲ್ಲಕ್ಕಿಂತ ನಾನು ಸಹಿಸದಿರುವುದು ಎರಡು ಕಣ್ಣುಗಳ ನಡುವಿನ ಭೇದ. ಎಡಕ್ಕೆ ಗುಲಾಬಿ, ಬಲಕ್ಕೆ ಹಸಿರು ಬಿದ್ದರೆ ಮಿದುಳು ಯಾವುದನ್ನು ನಂಬಬೇಕು? ಮಂಜು ಮಿಣಮಿಣ ನಡುಗುತ್ತದೆ, ತಲೆ ಭಾರವಾಗುತ್ತದೆ. ಸೀರೆಗೆ ರವಿಕೆ ಕಣ ಹೊಂದಿಸುವಾಗ ಅಮ್ಮ ಎರಡನ್ನೂ ಅಂಗಡಿಯ ಬಾಗಿಲಿಗೆ ತಂದು ಹಗಲಿಗೆ ಹಿಡಿಯುತ್ತಿದ್ದರು. ನಾನು ಒಂದೊಂದೇ ಕಣ್ಣು ಮುಚ್ಚಿ ಅದೇ ಮಂಜನ್ನು ನೋಡುತ್ತೇನೆ. ಕಳೆದ ವಾರ ಬಂದ ಹೆಡ್‌ಸೆಟ್‌ನಲ್ಲಿ ಎಡಗಣ್ಣಿನ ಮುಳ್ಳಯ್ಯನಗಿರಿ ನಸುಗೆಂಪಾಗಿತ್ತು. ಮರುದಿನವೇ ಪೆಟ್ಟಿಗೆಗೆ ಹಾಕಿ ವಾಪಸು ಕಳಿಸಿದೆ.