ಕತೆಗೂ ಕತ್ತೆಗೂ ನಡುವಿನ ಮೌನ

ದೀಪಾವಳಿಗೆ ನಿಂಬರ್ಗಾಕ್ಕೆ ಹೋಗಿದ್ದೆ. ಅಮಾವಾಸ್ಯೆ ರಾತ್ರಿ ಭಜನೆ ಇತ್ತು, ಆದ್ರೆ ಅಪ್ಪ ಹೊರಡಲಿಲ್ಲ. ನನಗೆ ತಿಳುವಳಿಕೆ ಬಂದಾಗಿನಿಂದ ಅಪ್ಪ ಅಮಾವಾಸ್ಯೆ ಭಜನೆ ತಪ್ಪಿಸಿದ್ದು ನೋಡೇ ಇಲ್ಲ. ಯಾಕಪ್ಪಾ ಅಂದೆ.

"ನನ್ನ ಕಿವಿ ಹೋಗ್ಯಾವ ತಮ್ಮಾ. ಹಾಡೋದು ಕೇಳಸ್ತದ, ಏನ್ ಹಾಡ್ಲತ್ತಾರ ತಿಳಿಯಂಗಿಲ್ಲ. ಮಂದಿ ಮುಂದ ಸುಮ್ನ ತಲಿ ಆಡ್ಸಕೋತ ಕೂಡ್ಲಕ್ಕ ನಾಚಿಕಿ ಬರ್ತದ."

ನಾನು ತಂದುಕೊಟ್ಟಿದ್ದ ಕಿವಿ ಮಷೀನು ಗೋಡೆ ಗೂಡಿನಲ್ಲಿ ಡಬ್ಬಿ ಸಮೇತ ಕೂತಿತ್ತು. ಹಾಕ್ಕೊಂಡ್ರೆ ಗದ್ದಲ ಇನ್ನೂ ಜಾಸ್ತಿ ಆಗುತ್ತಂತೆ. ಸರಿ, ನಾನೊಬ್ಬನೇ ಹೋದೆ. ಮೊದಲು ಭಜನೆ ಗುಡಿ ಮುಂದಿನ ಕಟ್ಟೆ ಮೇಲೆ, ಬೇವಿನ ಗಿಡದ ಕೆಳಗೆ ನಡೀತಿತ್ತು. ಈಗ ಹೊಸ ಭವನದೊಳಗೆ ನಡೆಯುತ್ತೆ. ಯಾವ ಭವನ ಅಂತ ಹೆಸರು ಹೇಳಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಊರೂರಿಗೂ ಈಗ ಅಂಥದ್ದೊಂದಿದೆ. ನೆಲಕ್ಕೆ ಹೊಳೆಯೋ ಟೈಲ್ಸ್, ಎದೆಮಟ್ಟದವರೆಗೆ ಗೋಡೆಗೂ ಟೈಲ್ಸ್, ಮೇಲೆ ಆರ್‌ಸಿಸಿ, ಮೂಲೆಗೊಂದು ಆಳೆತ್ತರದ ಸ್ಪೀಕರ್. ಹಿಂದಿನ ಗೋಡೆಗೆ ಒರಗಿ ಕೂತೆ. ತಾಳ ಕೇಳಿಸಿತು, ದಮ್ಮಡಿ ಕೇಳಿಸಿತು, ದನಿಯೂ ಕೇಳಿಸಿತು. ಪದ ಮಾತ್ರ ಒಂದೂ ಕೈಗೆ ಸಿಗಲಿಲ್ಲ. ನನ್ನ ಕಿವಿಗೆ ಏನೂ ಆಗಿಲ್ಲ, ವಯಸ್ಸು ಮೂವತ್ನಾಲ್ಕು.

ಅಂದ್ರೆ ಹೋಗಿದ್ದು ಅಪ್ಪನ ಕಿವಿ ಅಷ್ಟೇ ಅಲ್ಲ, ಆ ಹಾಲ್ ಕೂಡ ಕೆಟ್ಟಿದೆ.

ನಾವು ನಾಟಕದ ವಿಮರ್ಶೆ ಬರೀತೀವಿ, ಸಿನಿಮಾಕ್ಕೆ ಸ್ಟಾರ್ ಕೊಡ್ತೀವಿ, ಹೋಟೆಲ್ಲಿನ ಚಟ್ನಿಗೂ ರೇಟಿಂಗ್ ಹಾಕ್ತೀವಿ. ಇದೆಲ್ಲ ನಡೆಯೋ ಕೋಣೆಯ ವಿಮರ್ಶೆ ಯಾರೂ ಬರೆಯಲ್ಲ. ಇದು ಅಂಥದ್ದೊಂದು ವಿಮರ್ಶೆ. ತೀರ್ಪು ಮೊದಲೇ ಹೇಳಿಬಿಡ್ತೀನಿ: ಕಣ್ಣಿಗೆ ಚೆನ್ನಾಗಿದೆ, ಕಿವಿಗೆ ನಾಪಾಸು.

ಕಾರಣ ಸರಳ. ಬಯಲಲ್ಲಿ ಒಂದು ಮಾತಾಡಿದ್ರೆ ಅದು ಒಂದು ಸಲ ನಿಮ್ಮ ಕಿವಿಗೆ ಬಂದು, ಮುಂದೆ ಹೊರಟು ಹೋಗುತ್ತೆ. ಕೋಣೆಯಲ್ಲಿ ಹಾಗಲ್ಲ. ಅದೇ ಮಾತು ಗೋಡೆ, ನೆಲ, ಛಾವಣಿಗೆ ಬಡಿದು ನೂರಾರು ದಾರಿಯಲ್ಲಿ ತಿರುಗಿ ತಿರುಗಿ ಬರುತ್ತೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ತಿರುಗಿ ಬಂದದ್ದು ತಡವಾಗಿ, ಬೇರೆಯಾಗೇ ಕೇಳಿಸಿದ್ರೆ ಅದು ಪ್ರತಿಧ್ವನಿ. ಒಂದರ ಮೇಲೊಂದು ಬಿದ್ದು, ಎಲ್ಲಾ ಕಲಸಿ, ಮಾತಿನ ಹಿಂದೆ ಬಾಲದ ಹಾಗೆ ಎಳೆದುಕೊಂಡು ಬಂದ್ರೆ ಅದು ಅನುರಣನ. ಸದ್ದು ನಿಲ್ಲಿಸಿದ ಮೇಲೆ ಈ ಬಾಲ 60 ಡೆಸಿಬಲ್ ಇಳಿಯೋದಕ್ಕೆ ಎಷ್ಟು ಸೆಕೆಂಡು ಬೇಕೋ ಅದೇ ಆ ಕೋಣೆಯ ಅನುರಣನ ಕಾಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹಳೇ ಬಫರ್ ಖಾಲಿಯಾಗೋ ಮೊದಲೇ ಹೊಸ ಡೇಟಾ ಬಂದು ಬೀಳ್ತಾ ಇದೆ.

ಕನ್ನಡಕ್ಕೆ ಇದರ ಏಟು ಜೋರಾಗೇ ಬೀಳುತ್ತೆ ಅಂತ ನನ್ನ ಅನಿಸಿಕೆ. "ಕತೆ" ಅನ್ನಿ, "ಕತ್ತೆ" ಅನ್ನಿ. ವ್ಯತ್ಯಾಸ ಎಲ್ಲಿದೆ? "ಕತ್ತೆ" ಅನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿಕೊಂಡು ಒಂದು ಕ್ಷಣ ಜಾಸ್ತಿ ನಿಲ್ಲುತ್ತೆ. ಆ ಕ್ಷಣದಲ್ಲಿ ಸದ್ದೇ ಇಲ್ಲ. ಆ ಚೂರು ಮೌನವೇ ಕತೆಯನ್ನ ಕತ್ತೆ ಮಾಡೋದು. ನಮ್ಮ ಒತ್ತಕ್ಷರಗಳಲ್ಲಿ ಎಷ್ಟೋ ಇಂಥ ಮೌನದ ಮೇಲೆ ನಿಂತಿವೆ. ಬಾಲ ಉದ್ದ ಇರೋ ಹಾಲಿನಲ್ಲಿ ಮೊದಲ "ಕ"ದ ಸ್ವರ ಬಂದು ಆ ಮೌನವನ್ನ ತುಂಬಿಬಿಡುತ್ತೆ. ಆಗ ಕತೆಯೂ ಇಲ್ಲ, ಕತ್ತೆಯೂ ಇಲ್ಲ, ಗುಂಯ್ ಅನ್ನೋದೊಂದೇ ಉಳಿಯೋದು.

ಚಿತ್ರಗೀತೆ ಆಗಿದ್ರೆ ನಡೀತಿತ್ತು ಬಿಡಿ, ಮಾತು ನಮಗೆ ಮೊದಲೇ ಬಾಯಿಪಾಠ. ಆದ್ರೆ ನಮ್ಮ ಕಡೆ ಹಾಡೋದು ಕಡಕೋಳ ಮಡಿವಾಳಪ್ಪನವರಂಥವರ ತತ್ವಪದ. ಅದರ ಪ್ರಾಣ ಇರೋದು ಮಾತಿನಲ್ಲಿ. ಅಕ್ಷರ ಕಲಿಯದ ನಮ್ಮ ಮುತ್ಯಾನಂಥವರು ಯೋಚನೆ ಮಾಡೋದನ್ನ ಕಲಿತದ್ದೇ ಆ ಕಟ್ಟೆ ಮೇಲೆ ಕೂತು. ಒಂದು ಸಾಲು ಹಾಡಿ, ನಿಲ್ಲಿಸಿ, ಅದರ ಅರ್ಥಕ್ಕೆ ಜಗಳಾಡಿ, ಮತ್ತೆ ಹಾಡೋರು. ಮಾತೇ ತಿಳಿಯದ ಮೇಲೆ ಜಗಳ ಎಲ್ಲಿಂದ ಬರಬೇಕು? ಈಗ ಎಲ್ಲರೂ ತಲೆ ಆಡಿಸ್ತಾರೆ.

ಪರಿಹಾರ ಅಂತ ಕಮಿಟಿಯವರು ಮಾಡಿದ್ದೇನು? ಇನ್ನೂ ದೊಡ್ಡ ಸ್ಪೀಕರ್ ತಂದರು. ನನ್ನ ಮುಖ್ಯ ತಕರಾರು ಇರೋದೇ ಇಲ್ಲಿ. ವಾಲ್ಯೂಮ್ ಏರಿಸಿದ್ರೆ ಮಾತು ಎಷ್ಟು ಜೋರಾಗುತ್ತೋ ಅದರ ಬಾಲವೂ ಅಷ್ಟೇ ಜೋರಾಗುತ್ತೆ. ಎರಡರ ನಡುವಿನ ಅನುಪಾತ ಒಂಚೂರೂ ಬದಲಾಗಲ್ಲ. ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಅದೇ ಉಪ್ಪು ಸಾರನ್ನ ಇನ್ನೆರಡು ಸೌಟು ಬಡಿಸಿದ ಹಾಗೆ. ಅಪ್ಪನ ಕಿವಿ ಮಷೀನು ಸೋತಿದ್ದೂ ಬಹುಪಾಲು ಇದಕ್ಕೇ. ಅದು ಮಾತಿನ ಜೊತೆ ಬಾಲವನ್ನೂ ದೊಡ್ಡದು ಮಾಡಿ ಕಿವಿಗೆ ಸುರೀತು.

ಈ ಲೆಕ್ಕವನ್ನ ಮೊದಲು ಬಿಡಿಸಿದವನು ವ್ಯಾಲೇಸ್ ಸೇಬಿನ್ ಅನ್ನೋ ಅಮೆರಿಕದ ಮೇಷ್ಟ್ರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಫಾಗ್ ಮ್ಯೂಸಿಯಂನ ಉಪನ್ಯಾಸ ಕೊಠಡಿಯಲ್ಲಿ ಪಾಠವೇ ಅರ್ಥ ಆಗ್ತಿರಲಿಲ್ಲ. ಖಾಲಿ ಕೊಠಡಿಯಲ್ಲಿ ಸದ್ದಿನ ಬಾಲ ಐದೂವರೆ ಸೆಕೆಂಡು. ಸೇಬಿನ್ ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಸೀಟಿನ ಮೆತ್ತೆಗಳನ್ನ ತರಿಸಿ, ರಾತ್ರಿಯೆಲ್ಲಾ ಒಂದು ಆರ್ಗನ್ ಕೊಳವೆ ಊದಿಸಿ, ಗಡಿಯಾರ ಹಿಡಿದು ಅಳೆದ. ಮೆತ್ತೆ ಹೆಚ್ಚಾದ ಹಾಗೆ ಬಾಲ ಕಡಿಮೆಯಾಗ್ತಾ ಬಂತು, ಕೊಠಡಿ ತುಂಬಾ ಮೆತ್ತೆ ಹಾಕಿದಾಗ ಒಂದು ಸೆಕೆಂಡಿನ ಹತ್ತಿರಕ್ಕೆ ಇಳೀತು. ಅಲ್ಲಿಂದ ಹುಟ್ಟಿದ ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ: ಕೋಣೆಯ ಘನ ಅಳತೆಯನ್ನ 0.161ರಿಂದ ಗುಣಿಸಿ, ಸದ್ದು ಹೀರೋ ಒಟ್ಟು ಮೇಲ್ಮೈಯಿಂದ ಭಾಗಿಸಿ, ಅನುರಣನ ಕಾಲ ಸಿಗುತ್ತೆ. ಹೀರೋದಕ್ಕೆ ಅವನು ಮೊದಲು ಹಿಡಿದ ಅಳತೆಗೋಲು ತೆರೆದ ಕಿಟಕಿ. ಕಿಟಕಿಯಿಂದ ಆಚೆ ಹೋದ ಸದ್ದು ತಿರುಗಿ ಬರಲ್ಲ, ಅದಕ್ಕೆ ನೂರಕ್ಕೆ ನೂರು.

ಇದನ್ನ ಓದಿದಾಗ ನನಗೆ ಬೇವಿನ ಗಿಡ ನೆನಪಾಯ್ತು. ಬಯಲು ಅಂದ್ರೆ ನಾಲ್ಕೂ ಕಡೆ ಮತ್ತು ತಲೆ ಮೇಲೂ ತೆರೆದ ಕಿಟಕಿ. ದೊಡ್ಡಾಟದವರು ಬಯಲಲ್ಲಿ ಗಂಟಲು ಹರಿದುಕೊಳ್ಳಬೇಕಿತ್ತು ನಿಜ, ಆದ್ರೆ ಅವರ ಪದ ಒಡೆದು ಹೋಗ್ತಿರಲಿಲ್ಲ. ನಮ್ಮ ಹಳೇ ಮಾಳಗಿ ಮನೆಗಳೂ ಅಷ್ಟೇ. ನೆಲಕ್ಕೆ ಶಹಾಬಾದ್ ಕಲ್ಲೇ ಇದ್ರೂ ಮೂಲೆಯಲ್ಲಿ ಜೋಳ, ತೊಗರಿ ಚೀಲ, ಹಗ್ಗದ ಮೇಲೆ ಕೌದಿ, ಗೂಟಕ್ಕೆ ಕಂಬಳಿ. ಯಾರೂ ಸದ್ದಿಗಾಗಿ ಇಟ್ಟಿದ್ದಲ್ಲ, ಆದ್ರೂ ಕೆಲಸ ನಡೀತಿತ್ತು. ಹಾಗಂತ ಹಳೇದೆಲ್ಲಾ ಚಿನ್ನ ಅಂತ ಹೇಳ್ತಿಲ್ಲ. ಮಳೆಗಾಲದಲ್ಲಿ ಸೋರೋ ಮಾಳಗಿ ಕೆಳಗೆ ಮಲಗಿದವನು ನಾನು. ಟೈಲ್ಸ್ ಯಾಕೆ ಬಂತು ಅಂತ ಗೊತ್ತು: ಒರೆಸಿದ್ರೆ ಸ್ವಚ್ಛ, ಇಲಿ ಕಾಟ ಇಲ್ಲ, ನಾಲ್ಕು ಜನರ ಮುಂದೆ ಮರ್ಯಾದೆ. ಟೈಲ್ಸ್ ತಪ್ಪಲ್ಲ. ಆರೂ ಕಡೆ ಗಟ್ಟಿ ಮಾಡಿ, ಒಂದು ಕಡೆನಾದ್ರೂ ಮೆತ್ತಗೆ ಬಿಡದೇ ಇದ್ದದ್ದು ತಪ್ಪು.

ಇನ್ನೊಂದು ಅಡ್ಡಿ ನಮ್ಮ ತಲೆಯಲ್ಲೇ ಇದೆ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಶಾಲೆ ಟ್ರಿಪ್ ಅಂದ್ರೆ ವಿಜಯಪುರದ ಗೋಲಗುಮ್ಮಟ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ ಅದು. ಮೇಲಿನ ಗ್ಯಾಲರಿಯಲ್ಲಿ ಈ ಕಡೆ ಪಿಸುಗುಟ್ಟಿದ್ರೆ ಆ ಕಡೆ ಕೇಳುತ್ತೆ. ಸಿ. ವಿ. ರಾಮನ್ ಅವರು ಪಿಸುಮಾತಿನ ಗ್ಯಾಲರಿಗಳನ್ನ ಅಭ್ಯಾಸ ಮಾಡಿದಾಗ ಇದನ್ನೂ ಸೇರಿಸಿಕೊಂಡಿದ್ರು. ನಾವೂ ಹೋಗಿ ಚಪ್ಪಾಳೆ ತಟ್ಟಿ, ಅದು ಎಷ್ಟು ಸಲ ತಿರುಗಿ ಬಂತು ಅಂತ ಎಣಿಸಿದ್ವಿ. ಅವತ್ತೇ ನಮ್ಮ ತಲೆಯಲ್ಲಿ ಗುಂಯ್ ಅಂದ್ರೆ ವೈಭವ ಅಂತ ಕೂತುಬಿಡ್ತು. ಅಲ್ಲಿ ಮೇಷ್ಟ್ರು ಹೇಳಿದ ಪಾಠ ಒಂದಾದ್ರೂ ನೆನಪಿದೆಯಾ ಕೇಳಿ. ನನಗಿಲ್ಲ, ಯಾಕಂದ್ರೆ ಒಂದು ಮಾತೂ ತಿಳಿದಿರಲಿಲ್ಲ. ಗೋರಿಗೆ ಒಪ್ಪೋ ಸದ್ದು ಬದುಕಿರೋರ ಮಾತುಕತೆಗೆ ಒಪ್ಪಲ್ಲ.

ಊರಿನವರನ್ನಷ್ಟೇ ಬೈದರೆ ಅನ್ಯಾಯ. ಬೆಂಗಳೂರಿನ ನಮ್ಮ ಆಫೀಸುಗಳ ಗಾಜಿನ ಮೀಟಿಂಗ್ ರೂಮುಗಳೂ ಇದೇ ಜಾತಿ. ಗಾಜು, ಗಾಜು, ಟಿವಿ, ಲ್ಯಾಮಿನೇಟ್ ಟೇಬಲ್. ಆ ಕಡೆಯಿಂದ "ಇನ್ನೊಂದ್ಸಲ ಹೇಳ್ತೀರಾ?" ಅಂದಾಗೆಲ್ಲಾ ನಾವು ನೆಟ್‌ವರ್ಕ್ ಬೈತೀವಿ. ಮನೆಯಿಂದ ಕೆಲಸ ಶುರುವಾದ ಮೇಲೆ ನನ್ನ ಗೆಳೆಯನೊಬ್ಬ ಗೋಡೆ ತುಂಬಾ ಮೊಟ್ಟೆ ಟ್ರೇ ಅಂಟಿಸಿದ್ದ. ಪಕ್ಕದ ಫ್ಲಾಟಿನ ಮಿಕ್ಸಿ ಸದ್ದು ಹಾಗೇ ಬರ್ತಿತ್ತು. ಬರಲೇಬೇಕು. ಹೊರಗಿನ ಸದ್ದು ತಡೆಯೋದು ಒಂದು ಕೆಲಸ, ಅದಕ್ಕೆ ಭಾರದ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಒಳಗಿನ ಸದ್ದು ಹೀರೋದು ಬೇರೆ ಕೆಲಸ, ಅದಕ್ಕೆ ಗಾಳಿಯಾಡೋ ದಪ್ಪನೆ ಮೆತ್ತೆ ಬೇಕು. ಮೊಟ್ಟೆ ಟ್ರೇ ಮೊದಲನೆಯದಕ್ಕೆ ದಂಡ, ಎರಡನೆಯದಕ್ಕೂ ಹೆಚ್ಚು ಉಪಯೋಗವಿಲ್ಲ. ಆನ್‌ಲೈನಲ್ಲಿ ಸಿಗೋ ಒಂದು ಇಂಚಿನ ಫೋಮ್ ಕೂಡ ತೀಕ್ಷ್ಣ ಸದ್ದನ್ನಷ್ಟೇ ಹೀರಿ, ದಪ್ಪ ದನಿಯನ್ನ ಹಾಗೇ ಬಿಡುತ್ತೆ. 100 ಹರ್ಟ್ಸ್ ಸದ್ದಿನ ಅಲೆ ಮೂರು ಮೀಟರಿಗೂ ಉದ್ದ, ಅದಕ್ಕೆ ಇಂಚಿನ ಫೋಮ್ ಇರೋದೇ ತಿಳಿಯಲ್ಲ. ಪುಸ್ತಕ ತುಂಬಿದ ಕಪಾಟು, ನೆರಿಗೆ ಬಿಟ್ಟ ದಪ್ಪ ಪರದೆ, ಬಟ್ಟೆ ಹೊದಿಸಿದ ಸೋಫಾ, ನೆಲಕ್ಕೊಂದು ಜಮಖಾನ, ಇವು ಅದಕ್ಕಿಂತ ಎಷ್ಟೋ ವಾಸಿ.

ಮತ್ತೆ ಊರಿನ ಹಾಲಿಗೆ ಬರ್ತೀನಿ. ಅಳೆದೆ: ಉದ್ದ 15 ಮೀಟರ್, ಅಗಲ 9, ಎತ್ತರ ನಾಲ್ಕೂವರೆ. ಘನ ಅಳತೆ ಸುಮಾರು 600. ಸೇಬಿನ್ ಸೂತ್ರಕ್ಕೆ ಹಾಕಿದ್ರೆ ಖಾಲಿ ಹಾಲಿನ ಬಾಲ ನಾಲ್ಕು ಸೆಕೆಂಡಿಗೂ ಮೇಲೆ. ಭಜನೆಗೆ ಬರೋ ಮೂವತ್ತು ಜನ ಕೂತ್ರೆ ಎರಡೂಮುಕ್ಕಾಲು. ಮನುಷ್ಯನ ಮೈ, ಬಟ್ಟೆಯೂ ಸದ್ದು ಹೀರುತ್ತೆ, ಮದುವೆಗೆ ಮುನ್ನೂರು ಜನ ತುಂಬಿದಾಗ ಯಾರಿಗೂ ದೂರು ಇಲ್ಲದಿರೋದು ಅದಕ್ಕೇ. ಮಾತಿಗೆ ಬೇಕಾದದ್ದು ಒಂದರ ಆಸುಪಾಸು. ಸಣ್ಣ ತರಗತಿ ಕೋಣೆಗೆ ಅಮೆರಿಕದವರ ಮಾನದಂಡ 0.6 ಸೆಕೆಂಡು. ನಮ್ಮಲ್ಲೂ ಸಭಾಂಗಣಗಳ ಧ್ವನಿ ವಿನ್ಯಾಸಕ್ಕೆ ಐಎಸ್ 2526 ಅನ್ನೋ ಭಾರತೀಯ ಮಾನಕ 1963ರಿಂದ ಇದೆ. ಭವನ ಕಟ್ಟಿದ ಗುತ್ತಿಗೆದಾರರ ಎಸ್ಟಿಮೇಟಿನಲ್ಲಿ ಟೈಲ್ಸ್, ಪೇಂಟು, ಕಮಾನು ಎಲ್ಲಾ ಇತ್ತು, ಕಿವಿಗೆ ಅಂತ ಒಂದು ಸಾಲೂ ಇರಲಿಲ್ಲ.

ಯುಗಾದಿಗೆ ಹೋದಾಗ, ಹಬ್ಬದ ಹಿಂದಿನ ಅಮಾವಾಸ್ಯೆ ರಾತ್ರಿ, ಕಮಿಟಿಯವರ ಕೈಕಾಲು ಹಿಡಿದು ಒಂದು ಪ್ರಯೋಗ ಮಾಡಿದೆ. ಅವ್ವ ಓಣಿಯ ಹೆಣ್ಣುಮಕ್ಕಳ ಹತ್ತಿರ ಇಪ್ಪತ್ತು ಕೌದಿ ಕೇಳಿ ತಂದಳು. ಹಿಂದಿನ ಗೋಡೆ ಮತ್ತು ಎರಡು ಪಕ್ಕದ ಗೋಡೆ ಮುಂದೆ ಹಗ್ಗ ಕಟ್ಟಿ, ಗೋಡೆಯಿಂದ ಒಂದು ಗೇಣು ಬಿಟ್ಟು ನೇತು ಹಾಕಿದ್ವಿ. ಕೆಳಗೆ ಜಮಖಾನ ಹಾಸಿದ್ವಿ. ದೊಡ್ಡ ಸ್ಪೀಕರ್ ಬಂದ್ ಮಾಡಿ, ಒಂದು ಸಣ್ಣದನ್ನ ಕೇಳೋರ ಹತ್ತಿರ ಇಟ್ವಿ. ನನ್ನ ಲೆಕ್ಕದಲ್ಲಿ ಬಾಲ ಒಂದೂವರೆ ಸೆಕೆಂಡಿನ ಒಳಗೆ ಬರಬೇಕಿತ್ತು. "ಅಗಸರ ಕಟ್ಟಿ ಮಾಡಿಬಿಟ್ಟಿಯಲ್ಲೋ" ಅಂತ ನಕ್ಕರು. ಹಾಡೋರಿಗೂ ಮೊದಲು ಸಪ್ಪೆ ಅನ್ನಿಸಿತು. ಬಚ್ಚಲಲ್ಲಿ ಹಾಡೋರಿಗೆಲ್ಲಾ ಗೊತ್ತು, ಅನುರಣನ ದನಿಗೆ ಮೇಕಪ್ಪು ಹಚ್ಚುತ್ತೆ. ಅದನ್ನ ಒರೆಸಿದ್ರೆ ಯಾರಿಗೆ ಖುಷಿ?

ಅಪ್ಪನನ್ನ ಬಲವಂತದಿಂದ ಕರಕೊಂಡು ಬಂದಿದ್ದೆ, ಮಷೀನು ಹಾಕಿಸಿ, ಮುಂದಿನ ಸಾಲಿನಲ್ಲಿ. ಎರಡು ಪದ ಸುಮ್ಮನೆ ಕೂತಿದ್ದ. ಮೂರನೇದರ ನಡುವೆ ಕೈ ಎತ್ತಿದ.

"ನಿಂದ್ರು ನಿಂದ್ರು. ಆ ಸಾಲು ಹಂಗಲ್ಲ. ತಪ್ಪು ಹಾಡ್ಲತ್ತಿ ನೀ."

ಹಾಡ್ತಿದ್ದ ಕಾಕಾ ಒಪ್ಪಲಿಲ್ಲ. ಇನ್ನಿಬ್ಬರು ಸೇರಿಕೊಂಡರು. ಹತ್ತು ನಿಮಿಷ ಭಜನೆ ನಿಂತು, ಆ ಸಾಲಿನ ಮೇಲೆ ಜೋರು ಜಗಳ ಆಯ್ತು.

ಮರುದಿನ ಕೌದಿಗಳು ಅವರವರ ಮನೆಗೆ ಹೋದವು, ಹಬ್ಬಕ್ಕೆ ಚಂದ ಕಾಣಲ್ಲ ಅಂತ. ಕಮಿಟಿಗೆ ನಾನು ಕೊಟ್ಟ ಸಲಹೆ ಒಂದೇ: ಮುಂದಿನ ಸ್ಪೀಕರಿನ ದುಡ್ಡಲ್ಲಿ ಛಾವಣಿಗೆ ಮರದ ನಾರಿನ ಹಲಗೆ ಹಾಕಿಸಿ. ಅದು ಕೈಗೆ ಎಟುಕಲ್ಲ, ಕೊಳೆಯಾಗಲ್ಲ, ಕೌದಿಯ ಹಾಗೆ ಕಣ್ಣಿಗೂ ಚುಚ್ಚಲ್ಲ. ನೋಡೋಣ ಅಂದಿದ್ದಾರೆ. ಸ್ಪೀಕರ್ ಮೇಲೆ ದಾನಿಯ ಹೆಸರು ಬರೆಸಬಹುದು, ಛಾವಣಿ ಮೇಲೆ ಬರೆಸಿದ್ರೆ ಯಾರು ಓದ್ತಾರೆ ಅನ್ನೋದು ಅವರ ಚಿಂತೆ.

ನಿಮಗೂ ಒಂದು ಮಾತು. ಮನೆಯಲ್ಲಿ ವಯಸ್ಸಾದವರು "ನನಗ ಕೇಳ್ಸಂಗಿಲ್ಲ" ಅಂದಾಗ ಕಿವಿ ಡಾಕ್ಟರ ಹತ್ತಿರ ಕರಕೊಂಡು ಹೋಗಿ, ಅದು ಬೇಕೇ ಬೇಕು. ಆದ್ರೆ ಹೋಗೋ ಮೊದಲು ಅವರು ಕೂರೋ ಕೋಣೆ ನಡುವೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿ, ಬಾಲ ಎಷ್ಟು ಉದ್ದ ಇದೆ ಕೇಳಿ. ನನ್ನ ಅಪ್ಪ ಆರು ತಿಂಗಳು ಕೋಣೆಯ ತಪ್ಪನ್ನ ತನ್ನ ಮೈಮೇಲೆ ಹಾಕಿಕೊಂಡು ಮನೆಯಲ್ಲೇ ಕೂತಿದ್ದ. ಈಗ ಪ್ರತಿ ಅಮಾವಾಸ್ಯೆಗೆ ಫೋನ್ ಮಾಡ್ತಾನೆ: "ಹಲಗಿ ಯಾವಾಗ ಬರ್ತಾವ ತಮ್ಮಾ? ಆ ಸಾಲಿನ ಲೆಕ್ಕ ಇನ್ನಾ ಮುಗದಿಲ್ಲ."